ಕೈ ಮೇಲೆ ಕೂತು ಹೇಳಿದ ಕಪ್ಪೆ ಕಥೆ

ಆ ಬೀದಿಯಲ್ಲಿ ಬುರುಡೆ ಎಂದರೆ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಒಂದಿತ್ತು, ಅದು ಸಂಬಳದ ಚೀಟಿಯಲ್ಲಿ ಸುಮ್ಮನೆ ಮಲಗಿತ್ತು. ಅವನ ಮಾತು ಕೇಳಿದವರು ಅದರಲ್ಲಿ ಅರ್ಧ ಕಳೆದು, ಉಳಿದಿದ್ದರಲ್ಲಿ ಮತ್ತರ್ಧ ಕಳೆದು, ಆಮೇಲೆ ಮಿಕ್ಕಿದ್ದನ್ನೂ ನಂಬದೆ ಮನೆಗೆ ಹೋಗುತ್ತಿದ್ದರು. ಮಾರನೆಯ ದಿನ ಅವರೇ ಬಂದು, "ಆಮೇಲೇನಾಯ್ತೋ ಬುರುಡೆ?" ಎಂದು ಕೇಳುತ್ತಿದ್ದರು.

ಅವನ ಸುಳ್ಳೆಲ್ಲ ಇದ್ದದ್ದು ಕೈಯಲ್ಲಿ. ಮೀನಿನ ಕಥೆಗೆ ಎರಡು ತೋಳೂ ಅಗಲ ಬಿಚ್ಚಬೇಕು. ಗಾಳಿಗೆ ಹಾರಿಹೋದ ಹೆಂಗಸಿನ ಕಥೆಗೆ ಕೈ ಎರಡೂ ತಲೆಯ ಮೇಲೆ ಹೋಗಬೇಕು. ಕೈ ಆಡದಿದ್ದರೆ ಸುಳ್ಳು ಗಂಟಲಲ್ಲೇ ಸಿಕ್ಕಿಕೊಂಡು ಕೂರುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವಳು ಅವನ ಅಕ್ಕ. ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳೂ ಅವಳೇ. ಡಬ್ಬಿಯ ಬೆಲ್ಲ ಯಾರು ತಿಂದರು ಎಂದು ಗೊತ್ತಾಗಬೇಕಾದರೆ, "ಕೈ ಮೇಲೆ ಕೂತ್ಕೋ" ಎನ್ನುತ್ತಿದ್ದಳು. ಅಂಗೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತರೆ ಸಾಕು, ಅವನ ಬಾಯಿಂದ ನಿಜ ತಾನಾಗಿಯೇ ಉದುರುತ್ತಿತ್ತು. ಈಗ ಅವನ ಮೀಸೆಯಲ್ಲಿ ಬಿಳಿ ಕೂದಲು ಬಂದಿದೆ. ಆದರೂ ಆ ಕಟ್ಟಳೆ ಹಾಗೇ ಇದೆ.

ಮದುವೆಯಾಗದ ಬುರುಡೆ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿರುತ್ತಿದ್ದ. ಕೆಳಗೆ ಅಕ್ಕನ ಹೊಲಿಗೆ ಮಿಷನ್ನು, ಬೀದಿಯ ಕಡೆಗೆ ಭಾವನ ಬೀಗ ರಿಪೇರಿ ಅಂಗಡಿ. ಭಾವ ಮಾತು ಕಡಿಮೆಯ ಮನುಷ್ಯ. ಬೀಗ ತೆಗೆಯುತ್ತದೆ ಇಲ್ಲವೇ ತೆಗೆಯುವುದಿಲ್ಲ, ಪ್ರಪಂಚದಲ್ಲಿ ಮೂರನೆಯದು ಇಲ್ಲ ಎಂದು ನಂಬಿದವನು. ಅದಕ್ಕೇ ಬಾಮೈದನ ಮಾತನ್ನು ಅರ್ಧಕ್ಕರ್ಧ ಕಳೆಯದೆ ಪೂರ್ತಿ ನಂಬುತ್ತಿದ್ದವನು ಆ ಬೀದಿಯಲ್ಲಿ ಅವನೊಬ್ಬನೇ.

ಬುರುಡೆಯ ಕೆಲಸವೂ ಸುಳ್ಳಿನ ಹಾಗೇ ಕೇಳಿಸುತ್ತಿತ್ತು. ಅವನು ಸಂಬಳಕ್ಕೆ ಕಪ್ಪೆ ಸಾಕುತ್ತಿದ್ದ. ಔಷಧಿ ಹುಡುಕುವ ಒಂದು ಲ್ಯಾಬಿನ ಕೆಳ ಅಂತಸ್ತಿನ ಕೊನೆಯ ಕೋಣೆಯಲ್ಲಿ, ಗಾಜಿನ ತೊಟ್ಟಿಗಳ ಸಾಲು. ಅದರೊಳಗೆ ಒದ್ದೆ ಪಾಚಿ, ಪಾಚಿಯ ಮೇಲೆ ಕಪ್ಪೆಗಳು. ಮೂಲೆಯಲ್ಲಿ ರಟ್ಟಿನ ಡಬ್ಬಿ ತುಂಬ ಕಪ್ಪೆಗಳ ಊಟಕ್ಕೆಂದು ಮಿಡತೆ. ಬೆಳಿಗ್ಗೆ ನೀರು ಬದಲಿಸುವುದು, ಮಿಡತೆ ಹಾಕುವುದು, ಯಾವ ಕಪ್ಪೆ ಮುಖ ಊದಿಸಿಕೊಂಡು ಕೂತಿದೆ ಎಂದು ಮೇಡಂಗೆ ಹೇಳುವುದು ಅವನ ಪಾಲಿನದು. ಮಿಕ್ಕಿದ್ದೆಲ್ಲ ಮೇಡಂದು.

ಮೇಡಂ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಹೆಂಗಸು. ಪೆನ್ನಿನ ಹಾಗಿದ್ದ ಒಂದು ಸಾಧನದಿಂದ ಕಪ್ಪೆಯ ಬೆನ್ನಿಗೆ ಕಚಗುಳಿ ಇಟ್ಟಷ್ಟು ಕರೆಂಟು ಮುಟ್ಟಿಸುತ್ತಿದ್ದಳು. ಕಪ್ಪೆಯ ಮೈಮೇಲೆ ಬೆಳ್ಳಗೆ ಹಾಲಿನ ಹಾಗೆ ಒಸರುತ್ತಿತ್ತು. ಅದನ್ನು ನೀರಲ್ಲಿ ತೊಳೆದು ಇಟ್ಟುಕೊಂಡು, ಕಪ್ಪೆಯನ್ನು ವಾಪಸು ಪಾಚಿಯ ಮೇಲೆ ಬಿಟ್ಟರೆ, ಆ ಕಪ್ಪೆಗೆ ಆಮೇಲೆ ಬಹಳ ದಿನ ರಜೆ. ಆ ಹಾಲಿನಲ್ಲಿ ಮಣಿ ಪೋಣಿಸಿದ ಸರದ ಹಾಗಿರುವ ಪುಟ್ಟ ಪುಟ್ಟ ಪದಾರ್ಥಗಳಿರುತ್ತವೆ, ಅವಕ್ಕೆ ಪೆಪ್ಟೈಡ್ ಅನ್ನುತ್ತಾರೆ, ಅವು ಕ್ಯಾನ್ಸರ್ ಕಣಗಳ ಸಿಪ್ಪೆಗೆ ತೂತು ಕೊರೆಯಬಲ್ಲವು ಎಂದು ಮೇಡಂ ಹೇಳಿದ್ದಳು. "ಔಷಧಿ ಆಗುತ್ತಾ ಮೇಡಂ?" ಎಂದರೆ, "ಆಗಬಹುದು" ಎನ್ನುತ್ತಿದ್ದಳು. "ಯಾವಾಗ?" ಎಂದರೆ, "ಹೇಳಕ್ಕಾಗಲ್ಲ." ಮೇಡಂ ಬಾಯಲ್ಲಿ ಒಂದು 'ಖಂಡಿತ' ಕೇಳಬೇಕೆಂದರೆ, ಊಟಕ್ಕೆ ಬರ್ತೀರಾ ಎಂದೇ ಕೇಳಬೇಕಿತ್ತು.

ಒಂದು ದಿನ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಚಪ್ಪಾಳೆ ಹೊಡೆದಳು. ಗಾಜಿನ ತಟ್ಟೆಯಲ್ಲಿ ಸಾಕಿದ್ದ ಕ್ಯಾನ್ಸರ್ ಕಣಗಳಿಗೆ ಕಪ್ಪೆ ಹಾಲು ಹಾಕಿದ್ದಕ್ಕೆ ಅವೆಲ್ಲ ಸತ್ತುಬಿದ್ದಿದ್ದವು. ಹಾಲು ಕೊಟ್ಟವಳು ಆ ತೊಟ್ಟಿಗಳಲ್ಲೆಲ್ಲ ದೊಡ್ಡ ಕಪ್ಪೆ. ಬುರುಡೆ ಅದನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ.

ಅಂದು ಬುರುಡೆ ಮನೆಗೆ ಬಂದಾಗ ಅಕ್ಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಕ್ಕನಿಗೆ ಎದೆಯಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ಈಗ ಆಸ್ಪತ್ರೆಯಲ್ಲಿ ಕೈಗೆ ಕ್ಯಾನ್ಸರ್ ಔಷಧಿಯ ಬಾಟಲಿ ಏರಿಸುತ್ತಿದ್ದರು. ಏರಿಸಬೇಕಾದ ಬಾಟಲಿಗಳಲ್ಲಿ ಅರ್ಧವೂ ಮುಗಿದಿರಲಿಲ್ಲ. ಅಷ್ಟರಲ್ಲೇ ಕೂದಲೆಲ್ಲ ಉದುರಿ, ತಲೆಗೆ ಸ್ಕಾರ್ಫ್ ಬಂದಿತ್ತು. ಉಂಡದ್ದು ಒಳಗೆ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೀದಿ ಕೊನೆಯವರೆಗೂ ಕೇಳಿಸುವಂತೆ ನಗುತ್ತಿದ್ದ ಆ ಹೆಂಗಸು ನಗುವುದನ್ನೇ ಬಿಟ್ಟಿದ್ದಳು.

"ಅಕ್ಕ, ಇವತ್ತು ಏನಾಯ್ತು ಗೊತ್ತಾ?" ಎಂದ ಬುರುಡೆ. ಕೈ ಎರಡೂ ಆಗಲೇ ಮೇಲೆದ್ದಿದ್ದವು. "ನಮ್ಮ ದೊಡ್ಡಮ್ಮನ ಹಾಲು ಒಂದು ತೊಟ್ಟು ಬಿತ್ತು ನೋಡು, ಕ್ಯಾನ್ಸರ್ ಕಣಗಳೆಲ್ಲ ಗಂಟುಮೂಟೆ ಕಟ್ಕೊಂಡು, ಹೆಂಡ್ತಿ ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು, ಮನೆ ಬಾಗಿಲು ಹಾಕೋದನ್ನೂ ಮರೆತು ಓಡಿದ್ವು!"

ಅಕ್ಕ ಗೋಡೆಯ ಕಡೆಯಿಂದ ಈ ಕಡೆ ಹೊರಳಿದಳು. "ಓಡಿ ಎಲ್ಲಿಗೆ ಹೋದ್ವೋ?"

"ಮೇಜಿನ ಕೆಳಗೆ! ಪೊರಕೆ ತಗೊಂಡು ಗುಡಿಸಿದ್ದು ನಾನೇ."

ಅಕ್ಕನ ತುಟಿ ಕೊಂಕಿತು. ಆಮೇಲೆ ಫಕ್ಕನೆ ನಕ್ಕಳು. ಅಂದು ಅನ್ನ ಎರಡು ಸಲ ಹಾಕಿಸಿಕೊಂಡಳು. ಒಲೆಯ ಹತ್ತಿರ ನಿಂತಿದ್ದ ಭಾವ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡ.

ಇನ್ನು ಬುರುಡೆಯನ್ನು ತಡೆಯುವವರು ಯಾರು? ಮರುದಿನ ಒಂದು ಇಲಿ ಬಂತು. "ಇಲಿ ಇಷ್ಟೇ ಇಷ್ಟು ಅಕ್ಕ, ಗಡ್ಡೆ ಕುಂಬಳಕಾಯಿ ಗಾತ್ರ! ಇಲಿ ಗಡ್ಡೆನ ಹೊತ್ಕೊಂಡಿದ್ಯಾ, ಗಡ್ಡೆ ಇಲಿನ ಹೊತ್ಕೊಂಡಿದ್ಯಾ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕಪ್ಪೆ ಹಾಲು ಕುಡಿಸಿದ್ವಿ. ಬೆಳಿಗ್ಗೆ ಎದ್ದು ಮೀಸೆ ತಿದ್ಕೊಂಡು, 'ಮೇಡಂ, ನಂಗೊಂದು ಹೆಣ್ಣು ನೋಡಿ' ಅಂತು." ಅದರ ಮರುದಿನ, ಕಪ್ಪೆಗಳು ಕರೆಂಟಿಗೆ ಹಾಲು ಕೊಡುವುದಿಲ್ಲ, ತಾನು ಚೆನ್ನಾಗಿ ಬೈದರೆ ನಾಚಿಕೆಯಿಂದ ಬೆವರುತ್ತವೆ ಎಂಬುದು ಬಂತು. ಮೇಡಂ ಬರಿಗೈಯಲ್ಲಿ ನಿಂತಿರುತ್ತಾರೆ, ತಾನು ಬೈಯುತ್ತಾನೆ, ಬಟ್ಟಲು ತುಂಬುತ್ತದೆ. ಲ್ಯಾಬಿನಲ್ಲಿ ಇಲಿ ಇರಲಿ, ಇಲಿಯ ಬಾಲವೂ ಇರಲಿಲ್ಲ. ಆದರೆ ಅಕ್ಕ ಊಟ ಮಾಡುತ್ತಿದ್ದಳು, ಮಿಷನ್ನಿನ ಮುಂದೆ ಕೂರುತ್ತಿದ್ದಳು. ಬುರುಡೆ ಸಂತೋಷದಿಂದ ದಿನಕ್ಕೊಂದು ಕಾಗೆ ಹಾರಿಸುತ್ತಿದ್ದ.

ಮುಂದಿನ ಬಾಟಲಿಯ ದಿನ ಬಂತು. ಬುರುಡೆ ತಲೆ ಬಾಚಿಕೊಂಡು ಕೆಳಗಿಳಿದರೆ ಅಕ್ಕ ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದಳು.

"ಇನ್ನೂ ಹೊರಟಿಲ್ವಾ ಅಕ್ಕ? ಆಸ್ಪತ್ರೆಗೆ ಹೊತ್ತಾಯ್ತು."

"ಹೋಗಲ್ಲ ಕಣೋ. ಹೋಗೋದೂ ಬೇಡ, ಬರೋದೂ ಬೇಡ."

"ಅಂದ್ರೆ?"

"ನಿನ್ನ ಕಪ್ಪೆ ಇರುವಾಗ ಆ ಬಾಟ್ಲಿ ಯಾಕೋ ನಂಗೆ? ಅದನ್ನ ಏರಿಸಿದ್ರೆ ಬಾಯೆಲ್ಲ ತುಕ್ಕು ಹಿಡಿದ ಹಾಗಾಗುತ್ತೆ. ನಿಮ್ಮ ಭಾವನ ಹಳೇ ಬೀಗ ನೆಕ್ಕಿದ ಹಾಗೆ. ನಿನ್ನ ಔಷಧಿ ಬರ್ಲಿ, ಅದನ್ನೇ ಕುಡೀತೀನಿ."

ಬುರುಡೆಗೆ ತಾನು ಬಿಟ್ಟ ಕಾಗೆಗಳೆಲ್ಲ ಹಾರಿಬಂದು ಒಂದೇ ಸಲ ತಲೆಯ ಮೇಲೆ ಕೂತ ಹಾಗಾಯಿತು. ಆಪರೇಷನ್ ಮಾಡಿದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಬಾಟಲಿ ನಡುವೆ ನಿಲ್ಲಿಸಿದರೆ, ಒಳಗೆ ಅಡಗಿಕೊಂಡಿರುವುದು ಮತ್ತೆ ತಲೆಯೆತ್ತುತ್ತದೆ, ಆಗ ಬಂದು ಅತ್ತರೆ ನಾನೇನೂ ಮಾಡಲಾರೆ ಎಂದು.

ಅವನು ಹೋಗಿ ಸ್ಟೂಲಿನ ಮೇಲೆ ಕೂತ. ಯಾರೂ ಹೇಳದೆಯೇ ಎರಡು ಕೈಯನ್ನೂ ತೊಡೆಯ ಕೆಳಗೆ ತುರುಕಿಕೊಂಡ. "ಅಕ್ಕ, ಇಲ್ಲಿ ಕೇಳು..."

ಅಕ್ಕ ಮಿಷನ್ನು ನಿಲ್ಲಿಸಿದಳು. ಅವನ ತೊಡೆಯನ್ನು ನೋಡಿದಳು. "ಏಳೋ ಮೇಲೆ! ಯಾರೋ ನಿನ್ನ ಹಾಗೆ ಕೂರು ಅಂದಿದ್ದು?"

"ಅಲ್ಲಕ್ಕ, ನಿಜ ಹೇಳ್ಬೇಕು ಅಂತ..."

"ನಾನು ಕೇಳಿದ್ನಾ ನಿಜಾನ? ಕೇಳಿದಾಗ ಹೇಳು. ಕೈ ತೆಗಿ!"

ಅಕ್ಕನ ಕಣ್ಣು ನೋಡಿ ಅವನು ಕೈ ತೆಗೆದ. ಕೈ ತೆಗೆದ ಮೇಲೆ ಎಷ್ಟು ನಿಜ ಹೇಳಿದರೂ ಅದು ಸುಳ್ಳಿನ ಹಾಗೇ ಕೇಳಿಸಿತು. "ಇಲಿ ಇಲ್ಲಕ್ಕ" ಎಂದ. "ಮದುವೆಯಾಗಿ ಹೆಂಡ್ತಿ ಮನೆಗೆ ಹೋಗಿರ್ಬೇಕು" ಎಂದಳು ಅಕ್ಕ. "ಅದಿನ್ನೂ ಔಷಧಿ ಅಲ್ಲಕ್ಕ" ಎಂದ. "ನಿನ್ನ ಮೇಡಂ ಹೊಟ್ಟೆಕಿಚ್ಚಿಗೆ ಹಾಗೆ ಹೇಳ್ಕೊಟ್ಟಿರ್ತಾಳೆ" ಎಂದಳು. ಹುಟ್ಟಿದಾಗಿನಿಂದ ಸುಳ್ಳು ಹೇಳುತ್ತ ಬಂದವನಿಗೆ ಒಂದು ನಿಜ ನಂಬಿಸಲು ಆಗಲಿಲ್ಲ.

ಸಂಜೆ ಅವನು ಮೇಡಂ ಅನ್ನೇ ಕರೆದುಕೊಂಡು ಬಂದ. ಅಕ್ಕ ಕಾಫಿ ಕೊಟ್ಟು ಎದುರಿಗೆ ಕೂತಳು.

"ತಾಯಿ, ನಿಮ್ಮ ಕಪ್ಪೆ ಹಾಲು ಕ್ಯಾನ್ಸರ್‌ನ ಸಾಯಿಸುತ್ತೋ ಇಲ್ವೋ?"

"ತಟ್ಟೆಯಲ್ಲಿ ಸಾಯಿಸಿದೆ. ಮನುಷ್ಯರ ಮೈಯಲ್ಲಿ ಏನು ಮಾಡುತ್ತೆ ಗೊತ್ತಿಲ್ಲ."

"ಕುಡಿದ್ರೆ?"

"ಹೊಟ್ಟೆಯಲ್ಲಿ ಅನ್ನ ಸಾರಿನ ಥರ ಜೀರ್ಣ ಆಗಿಬಿಡಬಹುದು. ಅಥವಾ ಅಪಾಯ ಆಗಬಹುದು."

"ಒಳ್ಳೇದಾಗಬಹುದಾ?"

ಮೇಡಂ ಸುಳ್ಳು ಹೇಳುವವಳಲ್ಲ. ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡು, "ಮುಂದೆ ಯಾವತ್ತಾದ್ರೂ... ಆಗಬಹುದು. ಆದ್ರೆ ನೀವು ಬಾಟಲಿ ನಿಲ್ಲಿಸಬೇಡಿ. ಆಸ್ಪತ್ರೆಯವರು ನಾಳೆ ಬಂದ್ರೂ ಹಾಕ್ತಾರಂತೆ, ನಾನು ಕೇಳಿದ್ದೀನಿ" ಎಂದಳು.

ಅವಳು ಹೋದ ಮೇಲೆ ಅಕ್ಕ ಲೋಟ ಎತ್ತಿಡುತ್ತ ಗಂಡನಿಗೆ ಹೇಳಿದಳು, "ಪಾಪ ಕಣ್ರೀ, ಈಯಮ್ಮನಿಗೆ ಏನೂ ಗೊತ್ತಿಲ್ಲ. ಎಲ್ಲಾದಕ್ಕೂ ಬಹುದು, ಬಹುದು. ಅಷ್ಟು ಓದಿದ್ದಾಳೆ, ಒಂದು ಗಟ್ಟಿ ಮಾತು ಆಡಕ್ಕೆ ಬರಲ್ಲ. ನಮ್ಮ ಬುರುಡೆನೇ ವಾಸಿ."

ಭಾವ ತಲೆಯಾಡಿಸಿದ. ಮೇಡಂ ಆಡಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು 'ಸಾಯಿಸಿದೆ' ಎಂಬ ಒಂದೇ ಮಾತು. ಬೀಗ ತೆಗೆಯುತ್ತದೆ ಎಂದಾಯಿತು. ಇನ್ನು ಕೀಲಿಕೈ ತರುವುದಷ್ಟೇ ಬಾಕಿ.

ಬೆಳಿಗ್ಗೆ ಬುರುಡೆ ಕಪ್ಪೆ ಕೋಣೆಯ ಬೀಗ ತೆಗೆದ. ನೀರು ಬದಲಿಸುತ್ತ ಬಂದು ಕೊನೆಯ ತೊಟ್ಟಿಯ ಮುಂದೆ ನಿಂತ. ಪಾಚಿ ಇತ್ತು. ಪಾಚಿಯ ಮೇಲೆ ದೊಡ್ಡಮ್ಮ ಕೂತಲ್ಲಿ ದೊಡ್ಡಮ್ಮನಷ್ಟೇ ಅಗಲದ ತಗ್ಗೂ ಇತ್ತು. ದೊಡ್ಡಮ್ಮ ಇರಲಿಲ್ಲ. ಬಾಗಿಲ ಬೀಗ ಒಡೆದಿರಲಿಲ್ಲ, ಕಿಟಕಿ ಹಾಕಿದ ಹಾಗೇ ಇತ್ತು. ಅಷ್ಟೇ ಅಲ್ಲ, ಎಷ್ಟೋ ದಿನದಿಂದ ಕಿರುಗುಡುತ್ತಿದ್ದ ಬೀಗಕ್ಕೆ ಯಾರೋ ಎಣ್ಣೆ ಬೇರೆ ಬಿಟ್ಟಿದ್ದರು.

ಕದ್ದು ಹೋಗುವಾಗ ಬೀಗಕ್ಕೆ ಎಣ್ಣೆ ಬಿಟ್ಟು ಹೋಗುವ ಕಳ್ಳ ಪ್ರಪಂಚದಲ್ಲಿ ಒಬ್ಬನೇ. ಲ್ಯಾಬಿಗೆ ಆ ಬೀಗ ಕೂರಿಸಿಕೊಟ್ಟವನೂ ಅವನೇ, ಭಾವ. ಬುರುಡೆ ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಓಡಿದ.

ಅಡುಗೆಮನೆಯ ನೆಲದ ಮೇಲೆ ಅಕ್ಕನ ದೊಡ್ಡ ಪಾತ್ರೆ. ಪಾತ್ರೆಯೊಳಗೆ ದೊಡ್ಡಮ್ಮ. ಎದುರಿಗೆ ಅಕ್ಕ ಮಣೆ ಹಾಕಿಕೊಂಡು ಕೂತು ಬೈಯುತ್ತಿದ್ದಾಳೆ.

"ನಾಚಿಕೆ ಆಗಲ್ವೇನೇ ನಿಂಗೆ? ಇಷ್ಟು ದಪ್ಪ ಬೆಳೆದಿದ್ದೀಯ, ಒಂದು ಬಟ್ಟಲು ಹಾಲು ಕೊಡಕ್ಕಾಗಲ್ವಾ? ನನ್ನ ತಮ್ಮ ಬೈದ್ರೆ ಸುರಿಸ್ತೀಯಂತೆ, ನಾನು ಬೈದ್ರೆ ಪಿಳಿಪಿಳಿ ನೋಡ್ತೀಯಾ? ಅವನಿಗೆ ಬೈಯೋದು ಹೇಳಿಕೊಟ್ಟಿದ್ದೇ ನಾನು ಕಣೇ!"

ದೊಡ್ಡಮ್ಮ ಗಂಟಲು ಉಬ್ಬಿಸಿತು. ಇನ್ನೂ ಇದ್ದರೆ ಹೇಳು ಎನ್ನುವ ಹಾಗಿತ್ತು ಅದರ ಮುಖ.

ಪಕ್ಕದಲ್ಲಿ ಭಾವ ಟಾರ್ಚಿನ ಬ್ಯಾಟರಿ, ಎರಡು ತಂತಿ ಹಿಡಿದು ಕೂತಿದ್ದ. ಬೈಗುಳ ಸಾಲದೆ ಹೋದದ್ದಕ್ಕೆ ತಂತಿ ಮುಟ್ಟಿಸಿದ್ದ ಎಂದು ಕಾಣುತ್ತದೆ. ದೊಡ್ಡಮ್ಮನ ಬೆನ್ನು ಆಗಲೇ ಬೆಳ್ಳಗಾಗಿತ್ತು. ತೊಳೆದ ನೀರು ಅಕ್ಕನ ಕೈಯ ಲೋಟದಲ್ಲಿತ್ತು.

"ಕುಡೀಬೇಡ!" ಎಂದು ಕಿರುಚಿದ ಬುರುಡೆ, ಬಾಗಿಲಿನಿಂದಲೇ ಹಾರಿ ಬಂದು ಲೋಟದ ಮೇಲೆ ಅಂಗೈ ಮುಚ್ಚಿದ.

"ಯಾಕೋ ಹೀಗೆ ಮೈಮೇಲೆ ಬೀಳ್ತೀಯ? ನಿಮ್ಮ ಭಾವ ಮೊದಲು ತಾನು ರುಚಿ ನೋಡಿದ್ದಾರೆ. ನಂಗೇನಾದ್ರೂ ಆಗಬಾರದು ಅಂತ. ಏನೂ ಆಗಿಲ್ಲ ಅವರಿಗೆ."

ಬುರುಡೆ ಭಾವನ ಕಡೆ ತಿರುಗಿದ. ಭಾವನ ತುಟಿಗಳು ಎರಡು ಬದನೆಕಾಯಿ ಒಂದರ ಮೇಲೊಂದು ಇಟ್ಟಂತೆ ಊದಿಕೊಂಡಿದ್ದವು.

"ಭಾವ! ನಾಲಿಗೆ ಹೇಗಿದೆ?"

"ಏಊ ಆಇಆ" ಎಂದ ಭಾವ.

"ಏನೂ ಆಗಿಲ್ಲ ಅಂತಿದ್ದಾರೆ" ಎಂದಳು ಅಕ್ಕ. "ನಾಲಿಗೆ ಸ್ವಲ್ಪ ಜೋಮು ಹಿಡಿದಿದೆ ಅಷ್ಟೇ. ಮೊದಲು ತಾನೇ ಏನು ಭಾಷಣ ಮಾಡ್ತಿದ್ರು? ಬಿಡೋ ಲೋಟ."

ಬುರುಡೆ ಬಿಡಲಿಲ್ಲ. ಅಕ್ಕನೂ ಬಿಡಲಿಲ್ಲ. ಲೋಟ ಇಬ್ಬರ ನಡುವೆ ನಡುಗುತ್ತಿತ್ತು. ಕಸಿದು ಚೆಲ್ಲಿದರೆ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತು. ಭಾವ ಇರುವವರೆಗೆ ಯಾವ ಬಾಗಿಲೂ ಅಡ್ಡವಲ್ಲ, ಅಕ್ಕ ಹಟ ಹಿಡಿದರೆ ಕೆರೆಯ ಕಪ್ಪೆಯನ್ನಾದರೂ ಹಿಂಡಿಬಿಡುತ್ತಾಳೆ.

"ಸರಿ ಅಕ್ಕ" ಎಂದ, ಏದುಸಿರು ಬಿಡುತ್ತ. "ನಂಜೊತೆ ಲ್ಯಾಬಿಗೆ ಬಾ. ಇದು ಏನು ಮಾಡುತ್ತೆ ಅಂತ ನಿನ್ನ ಕಣ್ಣಾರೆ ನೋಡು. ನೋಡಿದ ಮೇಲೂ ಬೇಕು ಅಂದ್ರೆ, ನಾನೇ ಹಿಂಡಿ ನನ್ನ ಕೈಯಾರೆ ಕುಡಿಸ್ತೀನಿ."

ಅಕ್ಕ ಯೋಚಿಸಿದಳು. "ಲೋಟ ನಂಜೊತೆ ಬರುತ್ತೆ" ಎಂದಳು.

ಹೀಗೆ ಬೆಳಗಿನ ಹೊತ್ತು ಬೀದಿಯಲ್ಲಿ ಒಂದು ಮೆರವಣಿಗೆ ಹೊರಟಿತು. ಮುಂದೆ ಊಟದ ಡಬ್ಬಿಯಲ್ಲಿ ಕಪ್ಪೆ ಹಿಡಿದ ಬುರುಡೆ, ನಡುವೆ ಲೋಟದ ಬಾಯಿಗೆ ತಟ್ಟೆ ಮುಚ್ಚಿಕೊಂಡ ಅಕ್ಕ, ಹಿಂದೆ ಬದನೆಕಾಯಿ ತುಟಿಯ ಭಾವ. ಕಂಡವರೆಲ್ಲ ಏನಾಯ್ತು ಏನಾಯ್ತು ಎಂದು ಕೇಳಿದರು. ಬುರುಡೆ ಉಸಿರೆತ್ತಲಿಲ್ಲ. ಕಥೆ ಕೇಳಿ ಅಭ್ಯಾಸವಾದ ಬೀದಿಗೆ ಅವನ ಮೌನ ನೋಡಿಯೇ ಗಾಬರಿಯಾಯಿತು.

ಮೇಡಂ ಮೊದಲು ಕಪ್ಪೆಯನ್ನು ನೋಡಿದಳು, ಆಮೇಲೆ ಭಾವನ ಬಾಯಿ ನೋಡಿದಳು. ಅವನನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಬಾಯಿ ತೊಳೆಸಿದಳು, ಉಸಿರು ಕಟ್ಟುತ್ತಿದೆಯಾ, ನುಂಗಲು ಆಗುತ್ತಿದೆಯಾ ಎಂದು ವಿಚಾರಿಸಿದಳು. ಕೋಪದಿಂದ ಮೂಗು ಕೆಂಪಾಗಿತ್ತು. "ಕಾವಲಿನವರನ್ನ ಕರೆದು ಹಿಡಿದುಕೊಡಬೇಕು ನಿಮ್ಮನ್ನ!" ಎಂದಳು. ಆಮೇಲೆ ಅಕ್ಕನ ತಲೆಯ ಸ್ಕಾರ್ಫ್ ನೋಡಿದಳು, ಲೋಟವನ್ನು ಗಟ್ಟಿಯಾಗಿ ಹಿಡಿದ ಬೆರಳುಗಳನ್ನು ನೋಡಿದಳು. ಕುರ್ಚಿ ಎಳೆದು ಹಾಕಿದಳು. "ಕೂತ್ಕೊಳ್ಳಿ."

ಮೊದಲು ಮೈಕ್ರೋಸ್ಕೋಪಿನಲ್ಲಿ ತಟ್ಟೆ ತೋರಿಸಿದಳು. ಸತ್ತ ಕ್ಯಾನ್ಸರ್ ಕಣಗಳು ಒಡೆದ ಹಪ್ಪಳದ ಚೂರಿನ ಹಾಗೆ ಬಿದ್ದಿದ್ದವು. ಅಕ್ಕ ಕುಣಿಯುವುದೊಂದು ಬಾಕಿ. "ನೋಡಿದ್ರೇನ್ರೀ! ನನ್ನ ತಮ್ಮ ಹೇಳಿದ್ದು ಸುಳ್ಳಾ?"

"ಓಓ" ಎಂದ ಭಾವ.

"ಈಗ ರಕ್ತ ನೋಡೋಣ" ಎಂದಳು ಮೇಡಂ. "ನಿಮ್ಮದು ಬೇಡ, ನಿಮಗೆ ಚುಚ್ಚಿದ್ದು ಸಾಕಾಗಿದೆ. ಇವರದು ಕೊಡ್ಲಿ." ಬುರುಡೆಯ ಕಡೆ ಬೆರಳು ತೋರಿಸಿದಳು.

ಹುಲಿಯ ಬಾಲ ಹಿಡಿದು ತಿರುಗಿಸಿದ ಕಥೆ ಹೇಳುವ ಬುರುಡೆಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಮೇಡಂ ಹತ್ತಿಯಿಂದ ತೋಳು ಒರೆಸುವಷ್ಟರಲ್ಲೇ ಅವನ ಕಣ್ಣುಗಳು ಮೇಲಕ್ಕೆ ಹೋದವು. ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟು ಅವನ ತಲೆ ಹಿಡಿದುಕೊಂಡಳು. "ಥೂ, ನಾನು ಎಷ್ಟು ಸಲ ಚುಚ್ಚಿಸ್ಕೊಂಡಿದ್ದೀನಿ, ಒಂದಕ್ಕೇ ಹೀಗೆ ಸಾಯ್ತೀಯಲ್ಲೋ! ಈ ಕಡೆ ನೋಡು. ನನ್ನ ಮುಖ ನೋಡು. ಆಯ್ತು, ಆಯ್ತು ಕಣೋ."

ಲೋಟ ಕೈಬಿಟ್ಟದ್ದನ್ನು ಅಕ್ಕನೇ ಗಮನಿಸಲಿಲ್ಲ.

ಮೇಡಂ ಆ ರಕ್ತವನ್ನು ಎರಡು ಗಾಜಿನ ಕೊಳವೆಗೆ, ಉಪ್ಪುನೀರಿನ ಜೊತೆ ಹಾಕಿದಳು. ಒಂದಕ್ಕೆ ಏನೂ ಬೆರೆಸಲಿಲ್ಲ. ಇನ್ನೊಂದಕ್ಕೆ ಅಕ್ಕನ ಲೋಟದಿಂದಲೇ ತೊಟ್ಟು ಹಾಕಿದಳು. ಎರಡನ್ನೂ ಬೆಚ್ಚಗಿನ ಡಬ್ಬಿಯಲ್ಲಿ ಇಟ್ಟು, ಕಾಯುವುದಕ್ಕೆ ಎಲ್ಲರಿಗೂ ಬಿಸ್ಕತ್ತು ಕೊಟ್ಟಳು. ಭಾವ ಬಿಸ್ಕತ್ತನ್ನು ತುಟಿಯ ಸುತ್ತ ಹುಡುಕಾಡಿಸಿದ, ಬಾಯಿ ಎಲ್ಲಿದೆ ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಆಮೇಲೆ ಮೇಡಂ ಕೊಳವೆಗಳನ್ನು ಗಿರ್ರನೆ ತಿರುಗುವ ಯಂತ್ರಕ್ಕೆ ಹಾಕಿ ತೆಗೆದು, ಅಕ್ಕನ ಮುಂದೆ ಹಿಡಿದಳು.

ಒಂದರಲ್ಲಿ ಕೆಂಪೆಲ್ಲ ತಳಕ್ಕೆ ಇಳಿದು ಗುಂಡಗೆ ಕೂತಿತ್ತು. ಮೇಲೆ ತಿಳಿನೀರು. ಇನ್ನೊಂದರಲ್ಲಿ ತಳದಲ್ಲಿ ಏನೂ ಇರಲಿಲ್ಲ. ನೀರೇ ಮೇಲಿನಿಂದ ಕೆಳಗಿನವರೆಗೆ ಕೆಂಪು ಶರಬತ್ತಿನ ಹಾಗಾಗಿತ್ತು.

"ಇದ್ಯಾಕೆ ತಳಕ್ಕೆ ಇಳಿದಿಲ್ಲ?" ಎಂದಳು ಅಕ್ಕ.

"ಇಳಿಯಕ್ಕೆ ಏನೂ ಉಳಿದಿಲ್ಲ. ರಕ್ತದ ಕಣಗಳೆಲ್ಲ ಒಡೆದುಹೋಗಿವೆ. ಈ ಹಾಲಿಗೆ ಕ್ಯಾನ್ಸರ್ ಯಾವುದು, ಒಳ್ಳೇದು ಯಾವುದು ಅಂತ ಗುರುತು ಸಿಗಲ್ಲ. ಸಿಕ್ಕಿದ್ದಕ್ಕೆಲ್ಲ ತೂತು ಹಾಕುತ್ತೆ. ಅದಕ್ಕೆ ಗುರುತು ಹಿಡಿಯೋದು ಕಲಿಸಬೇಕು. ಸರದ ಮಣಿ ಒಂದೊಂದೇ ಬದಲಿಸಿ ಬದಲಿಸಿ ನೋಡ್ತಿದ್ದೀನಿ. ಅದೇ ನನ್ನ ಕೆಲಸ."

ಅಕ್ಕ ಕೆಂಪು ನೀರಿನ ಕೊಳವೆಯನ್ನೇ ನೋಡುತ್ತಿದ್ದಳು. "ಇದು... ಇವನ ರಕ್ತಾನಾ?"

"ಹೌದು."

"ನನ್ನ ತಮ್ಮನ ರಕ್ತನಾ ಈ ಮುಂಡೇದು ಹೀಗೆ ಮಾಡಿದ್ದು?" ಅಕ್ಕ ತಿರುಗಿ ಡಬ್ಬಿಯಲ್ಲಿದ್ದ ದೊಡ್ಡಮ್ಮನ ಕಡೆ ಕಣ್ಣು ಬಿಟ್ಟಳು. ಆಮೇಲೆ ಬುರುಡೆಯ ತೋಳು ಹಿಡಿದು, "ನೋಯ್ತಿದ್ಯೇನೋ?" ಎಂದಳು, ಒಡೆದದ್ದು ಅವನ ಮೈಯೊಳಗೇ ಎನ್ನುವ ಹಾಗೆ.

"ಇಲ್ಲಕ್ಕ, ಅದು ಹೊರಗಿದೆ."

"ಆ ಬಾಟ್ಲಿನೂ ಹಾಗೇ ಅಲ್ವಾ ಮತ್ತೆ?" ಅಕ್ಕ ಮೇಡಂ ಕಡೆ ತಿರುಗಿದಳು. "ಅದೂ ಸಿಕ್ಕಿದ್ದಕ್ಕೆಲ್ಲ ಹೊಡೆಯುತ್ತಲ್ಲ. ನನ್ನ ಕೂದಲು ಏನು ಮಾಡಿತ್ತು ಅದಕ್ಕೆ?"

"ಹೊಡೆಯುತ್ತೆ" ಎಂದಳು ಮೇಡಂ. "ಆದ್ರೆ ಅದನ್ನ ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ. ಕೂದಲು ವಾಪಸು ಬರುತ್ತೆ. ಅದನ್ನ ತಗೊಂಡು ಗುಣ ಆಗಿ ಮನೆಗೆ ಹೋದವರು ಎಷ್ಟೋ ಜನ ಇದ್ದಾರೆ. ನನ್ನ ಕಪ್ಪೆ ಹಾಲು ಕುಡಿದು ಮನೆಗೆ ಹೋದವರು ಒಬ್ಬರೂ ಇಲ್ಲ."

"ಆಆ" ಎಂದು ಭಾವ ಕೈಯೆತ್ತಿದ.

"ನೀವು ಇನ್ನೂ ಮನೆಗೆ ಹೋಗಿಲ್ಲ" ಎಂದಳು ಮೇಡಂ. "ನೀವೂ ಆಸ್ಪತ್ರೆಗೇ ಹೋಗ್ತೀರ."

ಅಷ್ಟೂ ಮಾತಿನಲ್ಲಿ ಮೇಡಂ ಒಂದು ಸಲವೂ 'ಬಹುದು' ಎಂದಿರಲಿಲ್ಲ. ಅಕ್ಕ ಎದುರಿನ ಸ್ಟೂಲನ್ನು ಕಾಲಿನಿಂದ ಬುರುಡೆಯ ಕಡೆ ತಳ್ಳಿದಳು.

"ಕೈ ಮೇಲೆ ಕೂತ್ಕೋ."

ಅವನು ಕೂತ.

"ಇಲಿ ಇತ್ತಾ?"

"ಇರ್ಲಿಲ್ಲಕ್ಕ."

"ಬೈದ್ರೆ ಹಾಲು ಕೊಡೋದು?"

"ಇಲ್ಲಕ್ಕ. ನಾನು ಬೈದ್ರೆ ಅವು ಬೆನ್ನು ತಿರುಗಿಸ್ತವೆ."

"ಇದು ನಂಗೆ ಔಷಧಿ ಆಗುತ್ತಾ?"

ಬುರುಡೆಯ ಕೈಗಳು ತೊಡೆಯ ಕೆಳಗೆ ಒದ್ದಾಡಿದವು. "ಇಲ್ಲಕ್ಕ. ನಿಂಗೆ ಆಗಲ್ಲ. ಮುಂದೆ ಇನ್ಯಾರಿಗಾದ್ರೂ ಆಗಬಹುದು. ಆಗದೇನೂ ಇರಬಹುದು."

"ಮತ್ಯಾಕೋ ಹೇಳ್ದೆ?"

"ನೀನು ನಕ್ಕೆ" ಎಂದ ಬುರುಡೆ. "ನಕ್ಕು ಊಟ ಮಾಡ್ದೆ."

ತೊಟ್ಟಿಗಳ ಕಡೆಯಿಂದ ಒಂದು ಕಪ್ಪೆ ವಟಗುಟ್ಟಿತು. ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಇಲಿದು ಸುಳ್ಳು ಅಂತ ಗೊತ್ತಿತ್ತು ಕಣೋ. ಯಾವ ಇಲಿ ಮೇಡಂನ ಹೋಗಿ ಹೆಣ್ಣು ಕೇಳುತ್ತೆ? ಕಪ್ಪೆ ಒಂದು ನಿಜ ಇರ್ಲಿ ಅಂದ್ಕೊಂಡಿದ್ದೆ." ಎದ್ದು ನಿಂತು, ಲೋಟದಲ್ಲಿ ಉಳಿದಿದ್ದನ್ನು ಮೇಡಂ ಕೈಗೆ ಕೊಟ್ಟಳು. "ತಗೊಳಮ್ಮ. ಇದಕ್ಕೆ ಸರಿಯಾಗಿ ಬುದ್ಧಿ ಕಲಿಸಿ. ಏನ್ರೀ, ಹೊರಡಿ. ಬಾಟ್ಲಿಗೆ ಹೊತ್ತಾಗುತ್ತೆ."

ಮಧ್ಯಾಹ್ನ ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಒರಗುಕುರ್ಚಿಗಳ ಸಾಲು. ಪ್ರತಿ ಕುರ್ಚಿಗೂ ಒಂದು ಕಂಬಿ, ಕಂಬಿಗೊಂದು ಬಾಟಲಿ. ಅಕ್ಕನ ಕೈಗೆ ಸೂಜಿ ಹಾಕಿದ್ದರು. ಡಾಕ್ಟರು ನೋಡಿ ಮಾತ್ರೆ ಕೊಟ್ಟ ಮೇಲೆ ಭಾವನ ತುಟಿ ಬದನೆಕಾಯಿಯಿಂದ ಬೆಂಡೆಕಾಯಿಗೆ ಇಳಿದಿತ್ತು. ಬುರುಡೆ ಅಕ್ಕನ ಪಕ್ಕದಲ್ಲಿ ಕೈ ಮೇಲೆ ಕೂತು ನೆಲ ನೋಡುತ್ತಿದ್ದ. ತೊಟ್ಟು ತೊಟ್ಟಾಗಿ ಬಾಟಲಿ ಇಳಿಯುತ್ತಿತ್ತು. ಅಕ್ಕ ಬಾಯೊಳಗೆ ನಾಲಿಗೆ ಆಡಿಸಿ ಮುಖ ಕಿವುಚಿದಳು.

"ಶುರುವಾಯ್ತು. ಬೀಗ ನೆಕ್ಕೋದು" ಎಂದಳು. ಸ್ವಲ್ಪ ತಡೆದು, "ಏನೋ ಇದು, ಸಾವಿನ ಮನೆ ಥರ ಕೂತಿದ್ದೀಯ. ಕೈ ತೆಗಿ."

"ಅಕ್ಕ, ಇನ್ನು ನಾನು..."

"ತೆಗೀತೀಯೋ, ಎದ್ದು ಬರ್ಲೋ?"

ಬುರುಡೆಯ ಕೈಗಳು ಹೊರಬಂದವು. ಮೊದಲು ನಿಧಾನಕ್ಕೆ. ಬೀಗಕ್ಕೆ ಎಣ್ಣೆ ಬಿಟ್ಟು ಹೋದ ಕಳ್ಳನ ಕಥೆ ಎದೆಯ ಮಟ್ಟದಲ್ಲಿ ಶುರುವಾಗಿ, ಕಳ್ಳನ ತುಟಿ ಊದುತ್ತ ಊದುತ್ತ ಬಾಗಿಲಲ್ಲಿ ಸಿಕ್ಕಿಕೊಂಡಾಗ ತೋಳು ಎರಡೂ ಅಗಲಕ್ಕೆ ಹೋಗಿದ್ದವು. "ಉಳ್ಳು! ಉಳ್ಳು!" ಎಂದು ಭಾವ ಕೂಗಿದ. ಸುಳ್ಳು ಎನ್ನಲು ಅವನ ನಾಲಿಗೆ ಇನ್ನೂ ಬಗ್ಗುತ್ತಿರಲಿಲ್ಲ. ಕಥೆಯೊಳಗೆ ಇಲಿ ಬಂದಾಗ ನರ್ಸಮ್ಮ ಓಡಿಬಂದು ಬಾಟಲಿಯ ಕಂಬಿಯನ್ನು ಅವನ ಕೈಗೆ ಸಿಗದ ಹಾಗೆ ಆ ಕಡೆ ಸರಿಸಿದಳು. ಇಲಿ ಮೀಸೆ ತಿದ್ದಿಕೊಂಡಾಗ ಇಡೀ ಸಾಲು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ, ಕೋಣೆಯ ಹೊರಗೂ ಕೇಳಿಸುವ ಹಾಗೆ ನಕ್ಕವಳು ಅಕ್ಕ.

ಎದುರು ಕುರ್ಚಿಯಲ್ಲಿ ಒಬ್ಬ ಅಜ್ಜಿ ಕಂಬಳಿ ಹೊದ್ದುಕೊಂಡು ಕೂತಿದ್ದಳು. ನಗು ನಿಲ್ಲಿಸಿ, ಮುಂದಕ್ಕೆ ಬಗ್ಗಿ, ಮೆಲ್ಲಗೆ ಕೇಳಿದಳು.

"ಅಪ್ಪಾ, ಆ ಕಪ್ಪೆ ಔಷಧಿ ಎಲ್ಲಿ ಸಿಗುತ್ತೆ?"

ಬುರುಡೆಯ ಕೈಗಳು ಗಾಳಿಯಲ್ಲೇ ನಿಂತವು. ಅಕ್ಕ ಅವನನ್ನು ನೋಡಿದಳು. ಬುರುಡೆ ಕುರ್ಚಿಯಲ್ಲಿ ಸರಿಯಾಗಿ ಕೂತು, ಅಂಗೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡ.

"ಎಲ್ಲೂ ಸಿಗಲ್ಲಜ್ಜಿ. ಅದಿನ್ನೂ ಔಷಧಿ ಆಗಿಲ್ಲ. ನಮ್ಮ ಮೇಡಂ ಕಷ್ಟಪಡ್ತಿದ್ದಾರೆ. ಆಗುತ್ತೋ ಇಲ್ವೋ ಅವರಿಗೂ ಗೊತ್ತಿಲ್ಲ. ಈಗ ಇರೋದು ನಿಮ್ಮ ತಲೆ ಮೇಲೆ ನೇತಾಡ್ತಿರೋದೇ."

ಅಜ್ಜಿ ತಲೆಯೆತ್ತಿ ತನ್ನ ಬಾಟಲಿಯನ್ನು ನೋಡಿದಳು. ಒಂದು ಉಸಿರು ಬಿಟ್ಟಳು. ಕಂಬಳಿ ಎಳೆದುಕೊಂಡು ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಂದಕ್ಕೆ ಬಗ್ಗಿದಳು.

"ಹೋಗ್ಲಿ ಬಿಡು. ಆ ಇಲಿಗೆ ಹೆಣ್ಣು ಸಿಕ್ತೋ ಇಲ್ವೋ?"

ಬುರುಡೆ ಅಕ್ಕನ ಕಡೆ ನೋಡಿದ. ಅಕ್ಕ ಬಾಟಲಿ ಎಷ್ಟು ಇಳಿದಿದೆ ಎಂದು ಕಣ್ಣಲ್ಲೇ ಅಳೆದಳು. ಮುಕ್ಕಾಲು ಇನ್ನೂ ಉಳಿದಿತ್ತು.

"ಎಲ್ಲಿ ಸುಲಭಕ್ಕೆ ಸಿಗುತ್ತಜ್ಜಿ?" ಎಂದಳು ಅಕ್ಕ. "ಹೇಳೋ. ಬಾಟ್ಲಿ ಮುಗಿಯೋವರೆಗೂ ಮದುವೆ ಮುಗೀಬಾರದು."

ನರ್ಸಮ್ಮ ಕಂಬಿಯನ್ನು ಇನ್ನೂ ಒಂದು ಮೊಳ ಆಚೆ ಸರಿಸಿದಳು. ತೊಡೆಯ ಕೆಳಗಿನಿಂದ ಒಂದು ಕೈ ಹೊರಬಂತು, ಆಮೇಲೆ ಇನ್ನೊಂದು.